ಮೊಡವೆ ಕ್ರೀಂ ಹಚ್ಚಿದರೂ ಕಡಿಮೆಯಾಗ್ತಿಲ್ವಾ? ಮುಖದ ನುಸಿಯೂ ಕಾರಣವಿರಬಹುದು

ಹದಿಹರೆಯದಲ್ಲಿ ಮೊಡವೆ ಮಾಮೂಲಿ. ಆದರೆ ತಿಂಗಳುಗಟ್ಟಲೆ ಜೆಲ್ ಹಚ್ಚಿದರೂ ಗುಳ್ಳೆಗಳು ಹೋಗದೆ, ಜೊತೆಗೆ ತುರಿಕೆಯೂ ಇದ್ದರೆ ಚರ್ಮವೈದ್ಯರು ಅನುಮಾನಿಸುವ ಕಾರಣಗಳಲ್ಲಿ ಡೆಮೊಡೆಕ್ಸ್ ಎಂಬ ಸೂಕ್ಷ್ಮ ನುಸಿಯೂ ಒಂದು.

ಹೆಸರು ಕೇಳಿ ಗಾಬರಿ ಬೇಡ. ವಯಸ್ಕರಲ್ಲಿ ಬಹುತೇಕ ಎಲ್ಲರ ಮುಖದಲ್ಲೂ ಇದು ಇರುತ್ತದೆ. ಮುಖ ತೊಳೆಯದವರಿಗೆ ಮಾತ್ರ ಬರುವಂಥದ್ದಲ್ಲ. 0.2ರಿಂದ 0.4 ಮಿಲಿಮೀಟರ್ ಉದ್ದದ ಈ ನುಸಿ ಕೂದಲಿನ ಬುಡದಲ್ಲಿ ಮತ್ತು ಎಣ್ಣೆ ಗ್ರಂಥಿಯಲ್ಲಿ ವಾಸಿಸುತ್ತದೆ. ಚಿಕ್ಕ ಮಕ್ಕಳಲ್ಲಿ ಅಪರೂಪ; ಹದಿಹರೆಯದಲ್ಲಿ ಚರ್ಮದ ಜಿಡ್ಡು ಹೆಚ್ಚಿದಂತೆ ಇದರ ಸಂಖ್ಯೆಯೂ ಏರುತ್ತದೆ. ಒಂದು ಚದರ ಸೆಂಟಿಮೀಟರ್‌ಗೆ 5ಕ್ಕಿಂತ ಹೆಚ್ಚು ಕಂಡರೆ ಅತಿಯಾಯಿತು ಎಂದರ್ಥ.

ಸಾಮಾನ್ಯ ಮೊಡವೆಯಲ್ಲಿ ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಇರುತ್ತವೆ. ನುಸಿಯಿಂದಾದ ಗುಳ್ಳೆಗಳಲ್ಲಿ ಅವು ಕಡಿಮೆ. ಬದಲಿಗೆ ಒಂದೇ ಗಾತ್ರದ ಸಣ್ಣ ಕೆಂಪು ಗುಳ್ಳೆ, ಒರಟು ಚರ್ಮ, ಸಣ್ಣ ಹೊಟ್ಟು, ತುರಿಕೆ, ಉರಿ ಕಾಣಿಸಬಹುದು. ಆದರೆ ನೋಡಿದಷ್ಟಕ್ಕೇ ನಿರ್ಧರಿಸಲಾಗದು. ಚರ್ಮವನ್ನು ಮೆಲ್ಲಗೆ ಕೆರೆದು ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಎಲ್ಲ ಮೊಡವೆಗೂ ನುಸಿಯೇ ಕಾರಣ ಎಂದುಕೊಳ್ಳುವುದೂ ತಪ್ಪು.

ಔಷಧ ಬದಲಾಗುವುದು ಇಲ್ಲಿಯೇ. ಮೊಡವೆಗೆ ಕೊಡುವ ಕ್ಲಿಂಡಮೈಸಿನ್ ಜೆಲ್ ಬ್ಯಾಕ್ಟೀರಿಯಾ ವಿರುದ್ಧದ್ದು, ನುಸಿಯನ್ನು ಕೊಲ್ಲುವುದಿಲ್ಲ. ನುಸಿಗೆ ವೈದ್ಯರು ಬರೆಯುವುದು ಹೆಚ್ಚಾಗಿ ಪರ್ಮೆಥ್ರಿನ್ 5% (ಕಜ್ಜಿಗೆ ಹಚ್ಚುವ ಅದೇ ಕ್ರೀಂ) ಅಥವಾ ಐವರ್ಮೆಕ್ಟಿನ್ 1% ಕ್ರೀಂ. ಐವರ್ಮೆಕ್ಟಿನ್ ಕ್ರೀಂಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು ವಯಸ್ಕರ ರೊಸೇಶಿಯಾ ಕಾಯಿಲೆಗೆ. ಹಾಗಾಗಿ ಹದಿಹರೆಯದವರಿಗೆ ಕೊಡಬೇಕೇ ಎಂಬುದು ವೈದ್ಯರ ತೀರ್ಮಾನ. ಮೊಟ್ಟೆಯಿಂದ ಸಾಯುವವರೆಗೆ ನುಸಿಯ ಆಯಸ್ಸು ಸುಮಾರು ಎರಡರಿಂದ ಮೂರು ವಾರ. ಆದ್ದರಿಂದ ನಾಲ್ಕು ದಿನ ಹಚ್ಚಿ ಬಿಟ್ಟರೆ ಪ್ರಯೋಜನವಿಲ್ಲ. ಟೀ ಟ್ರೀ ಎಣ್ಣೆಯನ್ನು ಹಾಗೆಯೇ ಮುಖಕ್ಕೆ ಹಚ್ಚಿದರೆ ಚರ್ಮ ಉರಿದು ಕೆಂಪಾಗಬಹುದು.

ನಿಜವಾದ ಅಪಾಯ ಇರುವುದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ 'ಬೆಳ್ಳಗಾಗುವ' ಕ್ರೀಂಗಳಲ್ಲಿ. ಅಂಥ ಹಲವು ಟ್ಯೂಬ್‌ಗಳಲ್ಲಿ ಬೆಟಾಮೆಥಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ಚೆನ್ನಾಗಿಯೇ ಕಾಣುತ್ತದೆ. ಆದರೆ ಸ್ಟೀರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ನುಸಿ ಇನ್ನಷ್ಟು ಹೆಚ್ಚಬಹುದು. ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಲವು ಸ್ಟೀರಾಯ್ಡ್ ಕ್ರೀಂಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ.

ಈಗಾಗಲೇ ಇಂಥ ಕ್ರೀಂ ಬಳಸುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಪಾಗಿ ಗುಳ್ಳೆ ಉಕ್ಕುವುದುಂಟು. ಚರ್ಮವೈದ್ಯರ ಬಳಿ ಹೋಗುವಾಗ ಆ ಟ್ಯೂಬನ್ನೂ ತೆಗೆದುಕೊಂಡು ಹೋದರೆ, ಅದನ್ನು ಹೇಗೆ ಬಿಡಬೇಕೆಂದು ಅವರೇ ಹೇಳುತ್ತಾರೆ.