ಆಫ್ರಿಕಾನ್ಸ್, ತಗಾಲೊಗ್ ಮತ್ತು ನಮ್ಮನೆಯ ‘ಆನು’

ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ‘ನಾನು’ ಅನ್ನೋ ಪದ ಇಲ್ಲ, ‘ಆನು’ ಇದೆ. ಆನು ಬತ್ತಿ, ಯಂಗೆ ಬೇಡ, ಹೀಗೆ. ಐದನೇ ಕ್ಲಾಸಿನಲ್ಲಿ ಬಾಯಿತಪ್ಪಿ ‘ಆನು’ ಅಂದಾಗ ಮೇಷ್ಟ್ರು ಅಣಕಿಸಿ, ‘ಶುದ್ಧ ಕನ್ನಡ ಮಾತಾಡು’ ಅಂದಿದ್ದರು. ಹಳಗನ್ನಡದ ‘ಆಂ’ಗೆ ‘ನಾನು’ಗಿಂತ ‘ಆನು’ ಹತ್ತಿರದ್ದು ಅಂತ ನನಗೆ ಗೊತ್ತಾಗಿದ್ದು ಎಂಜಿನಿಯರಿಂಗ್ ಮುಗಿಸಿ, ಕೋಡ್ ಬರೆಯೋದು ಬಿಟ್ಟು ಸುದ್ದಿ ಬರೆಯೋಕೆ ಬಂದ ಮೇಲೆ.

ಹವಿಗನ್ನಡ ಭಾಷೆಯೋ ಉಪಭಾಷೆಯೋ ಅಂತ ಕೇಳುವವರಿದ್ದಾರೆ. ಅದಕ್ಕೆ ಉತ್ತರಿಸುವ ಮೊದಲು ಎರಡು ದೂರದ ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡೋದು ಒಳ್ಳೇದು. ಎರಡೂ ಯುರೋಪಿನವರ ಆಳ್ವಿಕೆ ಕಂಡವು, ಎರಡೂ ಇಪ್ಪತ್ತನೇ ಶತಮಾನದಲ್ಲಿ ಸರ್ಕಾರಿ ಪಟ್ಟ ಏರಿದವು. ಏರಿದ ದಾರಿ ಮಾತ್ರ ಬೇರೆ ಬೇರೆ.

ಆಫ್ರಿಕಾನ್ಸ್ ಅನ್ನೋದು, ನನ್ನ ಹಳೇ ವೃತ್ತಿಯ ಮಾತಲ್ಲಿ ಹೇಳೋದಾದ್ರೆ, ಡಚ್ ಭಾಷೆಯ ಫೋರ್ಕ್. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಠಾಣ್ಯ ಹಾಕಿತು. ವಲಸೆ ಬಂದ ಬಿಳಿಯರು, ಸ್ಥಳೀಯ ಖೋಯ್ ಜನ, ಇಂಡೋನೇಷ್ಯಾ, ಭಾರತ, ಮಡಗಾಸ್ಕರ್‌ಗಳಿಂದ ಹಿಡಿದು ತಂದ ಗುಲಾಮರು ಎಲ್ಲರ ಬಾಯಲ್ಲೂ ಆ ಡಚ್ ಸವೆದು ನಯವಾಯ್ತು. ನಮ್ಮ ‘ಇದ್ದೇನೆ, ಇದ್ದೀಯ, ಇದ್ದಾಳೆ, ಇದ್ದಾರೆ’ ಎಲ್ಲಕ್ಕೂ ಅಲ್ಲಿ ‘ಇಸ್’ ಒಂದೇ. ಇಲ್ಲ ಅನ್ನೋದನ್ನು ಮಾತ್ರ ಎರಡೆರಡು ಸಲ ಹೇಳ್ತಾರೆ: ‘ಎಕ್ ಪ್ರಾಟ್ ನೀ ಆಫ್ರಿಕಾನ್ಸ್ ನೀ’, ಅಂದ್ರೆ ನಾನು ಆಫ್ರಿಕಾನ್ಸ್ ಮಾತಾಡಲ್ಲ. ಬಾಳೆಹಣ್ಣಿಗೆ ಅವರು ಬಳಸೋ ‘ಪೀಸಾಂಗ್’ ಮಲಯ್ ಭಾಷೆಯದ್ದು. ಕೇಪ್‌ನ ಮುಸ್ಲಿಮರು ಇದನ್ನು ಅರಬ್ಬಿ ಲಿಪಿಯಲ್ಲಿ ಬರೆದರು. ಡಚ್ ಬಲ್ಲ ಪ್ರತಿಷ್ಠಿತರು ಇದನ್ನು ‘ಅಡುಗೆಮನೆ ಡಚ್’ ಅಂತ ಆಡಿಕೊಂಡರು.

1925ರಲ್ಲಿ ಅದೇ ಅಡುಗೆಮನೆ ಮಾತು ಅಧಿಕೃತ ಭಾಷೆಯಾಯಿತು. ಅಲ್ಲಿಗೇ ಕಥೆ ಮುಗಿದಿದ್ದರೆ ಚೆಂದ ಇರ್ತಿತ್ತು. 1974ರಲ್ಲಿ ವರ್ಣಭೇದದ ಸರ್ಕಾರ ಕಪ್ಪು ಮಕ್ಕಳ ಶಾಲೆಗಳಲ್ಲಿ ಗಣಿತದಂಥ ವಿಷಯಗಳನ್ನೂ ಆಫ್ರಿಕಾನ್ಸ್‌ನಲ್ಲೇ ಕಲಿಸಬೇಕು ಅಂತ ಆದೇಶಿಸಿತು. 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಹೀಯಾಳಿಸಿಕೊಂಡ ಮಾತು ಹೇರಿಕೆಯ ಮಾತಾಗೋಕೆ ಬರೀ ಐವತ್ತು ವರ್ಷ ಸಾಕಾಯ್ತು. ಆ ಮಾತನ್ನು ತಾಯ್ನುಡಿಯಾಗಿ ಆಡುವವರಲ್ಲಿ ಬಿಳಿಯರಲ್ಲದವರೇ ಹೆಚ್ಚು ಅನ್ನೋದು ಇನ್ನೊಂದು ವಿಪರ್ಯಾಸ.

ತಗಾಲೊಗ್ ಫಿಲಿಪ್ಪೀನ್ಸ್‌ನ ಮನಿಲಾ ಸುತ್ತಮುತ್ತಲಿನ ಮಾತು. ಸಾಗರದ ಕಡೆಯವರಿಗೆ ಮನಿಲಾ ಅಂದ್ರೆ ನೆನಪಾಗೋದು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ. ಮುನ್ನೂರು ವರ್ಷ ಆಳಿದ ಸ್ಪೇನ್ ಅಲ್ಲಿನವರಿಗೆ ಮೇಜು, ಚಮಚ, ವಾರಗಳ ಹೆಸರುಗಳನ್ನು ಕೊಟ್ಟಿತು. ಅದಕ್ಕೂ ಎಷ್ಟೋ ಮೊದಲು ಸಂಸ್ಕೃತದಿಂದ ಹೋದ ಗುರು, ಮುಖ, ಆಶಾ ಇವತ್ತಿಗೂ ‘ಗುರೊ’, ‘ಮುಖಾ’, ‘ಆಸ’ ಆಗಿ ಉಳಿದಿವೆ. ಆದರೆ ವ್ಯಾಕರಣದ ಬೆನ್ನುಮೂಳೆ ಅಲ್ಲಾಡಲಿಲ್ಲ. ‘ಸುಲಾತ್’ ಅಂದ್ರೆ ಬರಹ. ಬರೆದವರ ಮೇಲೆ ಒತ್ತು ಕೊಟ್ಟರೆ ‘ಸುಮುಲಾತ್’, ಬರೆದದ್ದರ ಮೇಲೆ ಕೊಟ್ಟರೆ ‘ಸಿನುಲಾತ್’. ಪ್ರತ್ಯಯ ಪದದ ಹೊಟ್ಟೆಯೊಳಗೇ ಹೋಗಿ ಕೂರುತ್ತೆ! 1937ರಲ್ಲಿ ಅಧ್ಯಕ್ಷ ಕೆಜೋನ್ ತಗಾಲೊಗ್ ಅನ್ನು ರಾಷ್ಟ್ರಭಾಷೆಯ ಆಧಾರ ಅಂತ ಘೋಷಿಸಿದರು. 1987ರ ಸಂವಿಧಾನ ಆ ರಾಷ್ಟ್ರಭಾಷೆಯನ್ನು ‘ಫಿಲಿಪಿನೊ’ ಅಂತ ಕರೆಯಿತು. ಸೆಬುವಾನೊ ಆಡುವವರಿಗೆ ಈ ಹೆಸರಿನ ಆಟ ಚೆನ್ನಾಗಿಯೇ ಅರ್ಥವಾಯ್ತು. ಹಿಂದಿ ಹೇರಿಕೆ ಬಗ್ಗೆ ಪೋಸ್ಟ್ ಹಾಕುವ ನಮಗೂ ಅರ್ಥವಾಗುತ್ತೆ.

ಈಗ ನಮ್ಮ ಮೂರು ತಾಲೂಕುಗಳಿಗೆ ಬರೋಣ. ಸಾಗರದ ನಾ. ಡಿಸೋಜ ಅವರ ಮನೆಮಾತು ಕೊಂಕಣಿ, 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದೂ ಅವರೇ. ಕೊಂಕಣಿಯನ್ನು ಮರಾಠಿಯ ಉಪಭಾಷೆ ಅಂತಿದ್ದವರು ಕಡಿಮೆ ಇರಲಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿ, 1992ರಲ್ಲಿ ಎಂಟನೇ ಪರಿಚ್ಛೇದ ಅದನ್ನು ಭಾಷೆ ಅಂತ ಒಪ್ಪಿದವು. ಈ ನಡುವೆ ಕೊಂಕಣಿಯ ವ್ಯಾಕರಣವೇನೂ ಬದಲಾಗಲಿಲ್ಲ, ಬದಲಾಗಿದ್ದು ರಾಜಕೀಯ. ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಬಂದ ತುಳುವಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳು ತಮ್ಮ ತಾಯ್ನುಡಿ ಅಂತ ಬರೆಸಿದ್ದರು.

ತುಳುವಿಗೂ ತಗಾಲೊಗ್‌ಗೂ ಸಂಬಂಧವೇ ಇಲ್ಲ, ಆದರೂ ಒಂದು ವಿಷಯದಲ್ಲಿ ಎರಡೂ ಒಂದೇ. ಕೇಳುವವರನ್ನೂ ಸೇರಿಸಿಕೊಂಡ ‘ನಾವು’ ತುಳುವಿನಲ್ಲಿ ‘ನಮ’, ಅವರನ್ನು ಹೊರಗಿಟ್ಟರೆ ‘ಎಂಕುಲು’. ತಗಾಲೊಗ್‌ನಲ್ಲಿ ಇವೇ ‘ತಾಯೊ’ ಮತ್ತು ‘ಕಾಮಿ’. ಆಫ್ರಿಕಾನ್ಸ್‌ಗೆ ಈ ಭೇದ ಇಲ್ಲ, ‘ಒನ್ಸ್’ ಒಂದೇ. ಪುಸ್ತಕದ ಕನ್ನಡಕ್ಕೂ ಇಲ್ಲ. ‘ನಾವು ಕನ್ನಡಿಗರು’ ಅಂತ ವೇದಿಕೆ ಮೇಲೆ ಕೂಗಿದಾಗ ಅದು ‘ನಮ’ವೋ ‘ಎಂಕುಲು’ವೋ ಅಂತ ಕೆಳಗೆ ನಿಂತವರೇ ಊಹಿಸಿಕೊಳ್ಳಬೇಕು.

ಇಲ್ಲೊಂದು ಮಾತು ಮುಚ್ಚಿಡಬಾರದು. ನನ್ನ ‘ಆನು’ಗೆ ನಕ್ಕವರು ಒಂದು ಸಲ ನಕ್ಕು ಬಿಟ್ಟರು. ಹವ್ಯಕರ ಹುಡುಗ, ಓದ್ತಾನೆ ಅನ್ನೋ ನಂಬಿಕೆ ಇತ್ತು. ಅದೇ ಬೆಂಚಿನಲ್ಲಿದ್ದ ದೀವರ ಹುಡುಗನ ಮಾತಿಗೆ ನಕ್ಕಿದ್ದು ವರ್ಷಗಟ್ಟಲೆ, ‘ಇವನಿಗೆ ಕನ್ನಡವೇ ಬರಲ್ಲ’ ಅಂತ. ನಾನೂ ನಕ್ಕಿದ್ದೇನೆ. ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟ. ಮಾತಿನ ಕಾರಣಕ್ಕೇ ಬಿಟ್ಟ ಅಂತ ಹೇಳಲಾರೆ, ಆದರೆ ಕೊನೆಕೊನೆಗೆ ಕ್ಲಾಸಿನಲ್ಲಿ ಅವನು ಬಾಯಿ ಬಿಡ್ತಿರಲಿಲ್ಲ ಅನ್ನೋದು ಚೆನ್ನಾಗಿ ನೆನಪಿದೆ.

ಹಾಗಾಗಿ ಭಾಷೆಯೋ ಉಪಭಾಷೆಯೋ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಹವಿಗನ್ನಡ ಕನ್ನಡವೇ, ಆದರೆ ಅದು ಕೆಟ್ಟ ಕನ್ನಡ ಅಲ್ಲ. ದೀವರ ಕನ್ನಡವೂ ಅಲ್ಲ. ಬೇರೆ ಹೆಸರು ಬೇಕು ಅನ್ನುವವರ ಜೊತೆ ನನಗೆ ಜಗಳವಿಲ್ಲ. ಜಗಳ ಇರೋದು ‘ಶುದ್ಧ’ ಅನ್ನೋ ಪದದ ಜೊತೆ.

ಜನಗಣತಿಯಲ್ಲಿ ನೀಲಗಿರಿಯ ಬಡಗವನ್ನು ಕನ್ನಡದ ಅಡಿಯಲ್ಲಿಟ್ಟರೂ ಅದರ ಹೆಸರು, ಲೆಕ್ಕ ಬೇರೆಯಾಗಿಯೇ ಸಿಗುತ್ತೆ. 2027ರ ಗಣತಿಯವರು ಮನೆಗೆ ಬಂದಾಗ ತಾಯ್ನುಡಿ ಏನಂತ ಬರೆಸೋಣ ಅಂತ ಮೊನ್ನೆ ಅಮ್ಮನನ್ನು ಕೇಳಿದೆ. ಅಡಿಕೆ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

‘ಕನ್ನಡ ಹೇಳಿ ಬರ್ಸು, ಮತ್ತೆಂತು?’