ಚಾರ್ಜರ್‌ನ ಎರಡು ತುದಿ

ಲ್ಯಾಪ್‌ಟಾಪ್ ಚಾರ್ಜರ್‌ಗೆ ಎರಡು ತುದಿ. ಗೋಡೆ ಕಡೆಯ ತುದಿಯ ಬಗ್ಗೆ ನಾವ್ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಅದು ಬ್ರಿಟಿಷರ ಬಿಎಸ್ 546 ಮಾದರಿಯ ದುಂಡು ಪಿನ್. 1947ರಲ್ಲಿ ಅವರು ಚಪ್ಪಟೆ ಪಿನ್ನಿಗೆ ಹೊಸ ಮಾನದಂಡ ಬರೆದುಕೊಂಡರು. ನಾವು ದುಂಡನೆಯದನ್ನೇ ಉಳಿಸಿಕೊಂಡು ಐಎಸ್ 1293 ಅಂತ ನಮ್ಮದು ಮಾಡಿಕೊಂಡೆವು. ಸಿರುಗುಪ್ಪದ ಹಳ್ಳಿ ಮನೆಯಾಗಲಿ, ಬೆಂಗಳೂರಿನ ಟೆಕ್ ಪಾರ್ಕಾಗಲಿ, ಚುಚ್ಚಿದರೆ ಕರೆಂಟ್ ಬರುತ್ತೆ (ಕರೆಂಟ್ ಇದ್ದರೆ!).

ಜಗಳ ಇರೋದು ಇನ್ನೊಂದು ತುದಿಯಲ್ಲಿ. ಒಂದು ಕಂಪನಿಯದ್ದು 19 ವೋಲ್ಟ್, ಇನ್ನೊಂದರದ್ದು 19.5, ಮತ್ತೊಂದರದ್ದು 20. ಪಿನ್ನಿನ ದಪ್ಪ 4.5 ಮಿ.ಮೀ., 5.5, 7.4. ಕೆಲವರು ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇಟ್ಟರು. ಅದರ ಮೂಲಕ ಲ್ಯಾಪ್‌ಟಾಪು "ನೀನು ಎಷ್ಟು ವ್ಯಾಟ್?" ಅಂತ ಚಾರ್ಜರನ್ನು ಕೇಳುತ್ತೆ. ಉತ್ತರ ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡಲ್ಲ. ಸುರಕ್ಷತೆಗೆ ಅಂತಾರೆ. ಅರ್ಧ ನಿಜ, ಇನ್ನರ್ಧ, ಬೇರೆಯವರ ಚಾರ್ಜರ್ ನಡೆಯಬಾರದು ಅನ್ನೋ ಲೆಕ್ಕ.

ಬಿಇ ಕೊನೇ ವರ್ಷದಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಪಿನ್ ಮುರಿದಾಗ ಬ್ರೂಸ್‌ಪೇಟೆ ಕಡೆಯ ರಿಪೇರಿ ಅಂಗಡಿಯವರು ಪಿನ್ನುಗಳ ಡಬ್ಬಿಯನ್ನೇ ಸುರುವಿ ಹುಡುಕಿದರು. "ಇದು ಇಲ್ಲಪ್ಪ ತಮ್ಮಾ, ಬೆಂಗ್ಳೂರಿಂದ ತರಿಸ್ಬೇಕು" ಅಂತ ಹೇಳಿ, ಬೇರೆ ಕಂಪನಿಯ ವೈರ್ ಕತ್ತರಿಸಿ ಬೆಸೆದುಕೊಟ್ಟರು. ಲ್ಯಾಪ್‌ಟಾಪ್ ಓಡಿತು, ಬ್ಯಾಟರಿ ಏರಲಿಲ್ಲ. ಊರಲ್ಲಿ ಕರೆಂಟ್ ಹೋದಾಗೆಲ್ಲ ಪ್ರಾಜೆಕ್ಟೂ ಆಫ್.

ಫೋನಿನವರು ನಮಗಿಂತ ಪುಣ್ಯವಂತರು. "ಸಣ್ಣ ಪಿನ್ ಇದೆಯಾ?" ಅಂತ ಊರೆಲ್ಲ ಕೇಳುತ್ತಿದ್ದ ಕಾಲ 2009ರಲ್ಲಿ ಕಂಪನಿಗಳು ಮೈಕ್ರೊ ಯುಎಸ್‌ಬಿಗೆ ಒಪ್ಪಿದ ಮೇಲೆ ಮುಗಿಯುತ್ತಾ ಬಂತು. ಲ್ಯಾಪ್‌ಟಾಪಿಗೆ ಅಷ್ಟು ವಿದ್ಯುತ್ ಆ ಪಿನ್ನಲ್ಲಿ ಹೋಗುತ್ತಿರಲಿಲ್ಲ. 2014ರಲ್ಲಿ ಟೈಪ್-ಸಿ ಬಂತು. ಇಲ್ಲೂ ಚಾರ್ಜರ್, ಲ್ಯಾಪ್‌ಟಾಪ್ ಮಾತಾಡಿಕೊಳ್ಳುತ್ತವೆ, ಆದ್ರೆ ಎಲ್ಲರಿಗೂ ಗೊತ್ತಿರೋ ಭಾಷೆಯಲ್ಲಿ: 5 ವೋಲ್ಟಿಂದ ಶುರು ಮಾಡಿ, ಇಬ್ಬರೂ ಒಪ್ಪಿದರೆ 20ಕ್ಕೆ ಏರುತ್ತವೆ. ಮೊದಲು 100 ವ್ಯಾಟ್ ಮಿತಿ ಇತ್ತು, 2021ರಲ್ಲಿ 240 ಆಯ್ತು.

ಸ್ವಂತ ಪಿನ್ ಅಂದ್ರೆ ಎಲ್ಲ ಕೆಟ್ಟದ್ದಲ್ಲ. ಆ್ಯಪಲ್ 2006ರಲ್ಲಿ ತಂದ ಮ್ಯಾಗ್‌ಸೇಫ್ ಅಯಸ್ಕಾಂತದ್ದು. ವೈರಿಗೆ ಕಾಲು ತಗುಲಿದರೆ ಪಿನ್ ಬಿಚ್ಚಿಕೊಳ್ಳುತ್ತೆ, ಲ್ಯಾಪ್‌ಟಾಪ್ ಬೀಳಲ್ಲ. ಅದನ್ನು ಬಿಟ್ಟು 2021ರಲ್ಲಿ ಮತ್ತೆ ತಂದರು. ಈ ಸಲ ಟೈಪ್-ಸಿಯಲ್ಲೂ ಚಾರ್ಜ್ ಆಗುವಂತೆ ಇಟ್ಟರು. ಹೀಗಿದ್ದರೆ ನನ್ನ ತಕರಾರಿಲ್ಲ.

ಐರೋಪ್ಯ ಒಕ್ಕೂಟ ಕಾನೂನನ್ನೇ ಮಾಡಿತು: ಫೋನಿಗೆ 2024ರ ಡಿಸೆಂಬರ್ 28, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28. ನಮ್ಮ ಬಿಐಎಸ್ ಕೂಡ ಟೈಪ್-ಸಿಗೆ ಐಎಸ್/ಐಇಸಿ 62680 ಸರಣಿಯಲ್ಲಿ ಮಾನದಂಡ ಪ್ರಕಟಿಸಿದೆ.

ಊರಲ್ಲಿರೋ ತಮ್ಮನಿಗೋ ತಂಗಿಗೋ ಹಳೇ ಲ್ಯಾಪ್‌ಟಾಪ್ ಕೊಡಿಸುವವರು ಒಂದು ನೋಡಿಕೊಳ್ಳಿ: ಟೈಪ್-ಸಿ ತೂತು ಇದ್ದಲ್ಲೆಲ್ಲ ಚಾರ್ಜ್ ಆಗುತ್ತೆ ಅಂತೇನಿಲ್ಲ, ಕೆಲವು ಬರೀ ಡೇಟಾಗೆ. ಅಂಗಡಿಯಲ್ಲೇ ಚುಚ್ಚಿ ನೋಡಿ.