ಶಿಶುಗೃಹವೂ ಅದರ ಬಣ್ಣಗಳೂ

ಮಗುವಿಗೆಂದು ಮನೆಯಲ್ಲಿ ಬೇರೊಂದು ಕೋಣೆಯನ್ನು ತೆಗೆದಿರಿಸಿ, ಅದನ್ನು ಬಣ್ಣಗಳಿಂದಲೂ ಚಿತ್ರಗಳಿಂದಲೂ ಸಿಂಗರಿಸುವ ವಾಡಿಕೆಯು ನಮ್ಮ ನಾಡಿನದಲ್ಲ. ನಮ್ಮಲ್ಲಿ ಕೂಸಿಗೆ ತಾಯಿಯ ಮಗ್ಗುಲು, ಅಜ್ಜಿಯ ಮಡಿಲು, ನಡುಮನೆಯ ತೊಲೆಯಿಂದ ಇಳಿಬಿಟ್ಟ ತೊಟ್ಟಿಲು, ಇಷ್ಟೇ ಸ್ಥಾನವಾಗಿದ್ದಿತು. ಸಿಂಗಾರವೆಲ್ಲವೂ ತೊಟ್ಟಿಲಿಗೆ ಸಲ್ಲುತ್ತಿತ್ತು. ಗೋಡೆಗೆ ಸುಣ್ಣವೇ ಸಾಕಾಗಿತ್ತು. ಈಚೆಗೆ ಪಟ್ಟಣಗಳ ಅನುಕೂಲಸ್ಥ ಕುಟುಂಬಗಳಲ್ಲಿ, ಮಗು ಹುಟ್ಟುವುದಕ್ಕೆ ಮೊದಲೇ ಅದರ ಕೋಣೆಗೆ ಯಾವ ಬಣ್ಣ, ಯಾವ ಚಿತ್ರ ಎಂದು ಆಲೋಚಿಸುವುದು ರೂಢಿಗೆ ಬಂದಿದೆ. ಈ ರೂಢಿಯ ತವರು ಇಂಗ್ಲೆಂಡು. ಅಲ್ಲಿ ಇದು ಬೆಳೆದು ಬಂದ ಬಗೆಯನ್ನು ವಿಚಾರಿಸಿದವರಿಗೆ, ಪ್ರೀತಿಯಿಂದ ಬಳಿದ ಬಣ್ಣವೇ ಅನೇಕ ಮಕ್ಕಳ ಪ್ರಾಣಕ್ಕೆ ಎರವಾದ ಸಂಗತಿಯು ವಿದಿತವಾಗದೆ ಇರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗಾರಿಕೆ ವ್ಯಾಪಾರಗಳಿಂದ ಸಿರಿವಂತರಾದ ಆಂಗ್ಲ ಕುಟುಂಬಗಳು ದೊಡ್ಡ ಮನೆಗಳನ್ನು ಕಟ್ಟಿಸಿಕೊಂಡವು. ಅತಿಥಿಗಳಿಗೊಂದು ಕೋಣೆ, ಊಟಕ್ಕೊಂದು, ಓದಿಗೊಂದು ಎಂದು ಮನೆಯನ್ನು ವಿಂಗಡಿಸುವ ಭರದಲ್ಲಿ ಮಕ್ಕಳಿಗೂ ಒಂದು ಪಾಲು ಬಂದಿತು. ಆ ಪಾಲು ಬಹುಮಟ್ಟಿಗೆ ಮೇಲಿನ ಅಂತಸ್ತಿನದು. ಕಿಟಕಿಗಳಿಗೆ ಕಂಬಿ, ಒಲೆಯ ಮುಂದೆ ಬೇಲಿ, ಕಾವಲಿಗೆ ಒಬ್ಬ ದಾದಿ. ಇದೇ ‘ನರ್ಸರಿ’. ತಂದೆತಾಯಿಗಳನ್ನು ಮಕ್ಕಳು ದಿನಕ್ಕೊಮ್ಮೆ ಕೆಳಗಿಳಿದು ಬಂದು ಕಾಣುವ ಪದ್ಧತಿಯೂ ಅನೇಕ ಮನೆಗಳಲ್ಲಿತ್ತು. ನಮ್ಮವರಿಗೆ ಇದು ಕಠಿನವೆಂದು ತೋರಬಹುದು. ಮೊದಮೊದಲು ಈ ಕೋಣೆಗೆ ಸಿಂಗಾರವೇನೂ ಇರಲಿಲ್ಲ. ಕೆಳಗಿನ ಕೋಣೆಗಳಲ್ಲಿ ಹಳತಾದ ಕುರ್ಚಿ, ಸವೆದ ಜಮಖಾನೆಗಳು ಮೇಲಕ್ಕೆ ಬರುತ್ತಿದ್ದವು. ದಾದಿಯು ಮಕ್ಕಳೊಡನೆ ಕುಳಿತು ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಮರದ ತಡಿಕೆಗೆ ಅಂಟಿಸುತ್ತಿದ್ದಳು.

ಇದನ್ನು ಮಾರ್ಪಡಿಸಿದುದು ಗೋಡೆಕಾಗದ. ಗೋಡೆಗೆ ಅಂಟಿಸುವ ಚಿತ್ರಿತ ಕಾಗದದ ಮೇಲೆ ಬ್ರಿಟಿಷ್ ಸರಕಾರವು 1712ರಲ್ಲಿ ವಿಧಿಸಿದ್ದ ತೆರಿಗೆಯು 1836ರಲ್ಲಿ ರದ್ದಾಯಿತು. ಅನಂತರ ಸ್ವಲ್ಪ ಕಾಲದಲ್ಲಿಯೇ ಲಂಕಾಷೈರ್ ಪ್ರಾಂತದಲ್ಲಿ ಉರುಳೆಯಂತ್ರಗಳಿಂದ ಕಾಗದವನ್ನು ಅಚ್ಚು ಹಾಕುವ ವಿಧಾನವು ನೆಲೆಗೊಂಡಿತು. ಶ್ರೀಮಂತರ ಸೊತ್ತಾಗಿದ್ದ ವಸ್ತುವು ಗುಮಾಸ್ತರ ಮನೆಗೂ ಕೂಲಿಕಾರರ ಮನೆಗೂ ಎಟಕುವಂತಾಯಿತು. ಸುಣ್ಣ ಬಳಿದ ಗೋಡೆಯು ಬಡತನದ ಗುರುತೆನಿಸಿಕೊಂಡಿತು. ಕ್ರಿಮಿಗಳನ್ನು ಕೊಲ್ಲುವ ಗುಣವುಳ್ಳ, ಮಕ್ಕಳಿಗೆ ಯಾವ ವಿಷವನ್ನೂ ಸೂಸದ ಸುಣ್ಣವನ್ನು ಹೀಗೆ ಮೂಲೆಗೊತ್ತಿದುದು ಆ ಶತಮಾನದ ಅನೇಕ ಪ್ರಗತಿಗಳಲ್ಲೊಂದು!

ಕಾಗದದ ಬಣ್ಣಗಳಲ್ಲಿ ಎಲ್ಲರ ಮನಸ್ಸನ್ನೂ ಸೆಳೆದುದು ಹಸುರು. ಹೊಗೆ ಮಂಜುಗಳಿಂದ ಮಸಕಾದ ನಗರಗಳಲ್ಲಿ ಎಳೆಹುಲ್ಲಿನ ಬಣ್ಣದ ಗೋಡೆಯು ಕಣ್ಣಿಗೆ ತಂಪೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಹಸುರು ಗಿಡಮೂಲಿಕೆಯಿಂದ ಬಂದುದಲ್ಲ. ಸ್ವೀಡನ್ನಿನ ರಸಾಯನಜ್ಞ ಷೀಲೆ ಎಂಬಾತನು 1775ರಲ್ಲಿ ತಾಮ್ರವನ್ನೂ ಪಾಷಾಣವನ್ನೂ, ಎಂದರೆ ಆರ್ಸೆನಿಕ್ಕನ್ನೂ, ಕೂಡಿಸಿ ಒಂದು ಹಸುರನ್ನು ಸಾಧಿಸಿದನು. ಜರ್ಮನಿಯ ಷ್ವೈನ್‌ಫುರ್ಟ್ ಪಟ್ಟಣದಲ್ಲಿ 1814ರಲ್ಲಿ ಇದಕ್ಕಿಂತಲೂ ಹೊಳಪಾದ ಮತ್ತೊಂದು ಸಿದ್ಧವಾಯಿತು. ಇದಕ್ಕೂ ಪಾಷಾಣವೇ ಆಧಾರ. ಅಗ್ಗವಾಗಿಯೂ ಉಜ್ಜ್ವಲವಾಗಿಯೂ ಇದ್ದ ಈ ಬಣ್ಣಗಳನ್ನು ಕಾಗದಕ್ಕೆ, ಬಟ್ಟೆಗೆ, ಕೃತಕ ಹೂಗಳಿಗೆ, ಆಟಿಕೆಗಳಿಗೆ ಯಥೇಚ್ಛವಾಗಿ ಬಳಸಿದರು.

1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಎಂಬ ಕೂಲಿಕಾರರ ಕೇರಿಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಗಂಟಲಮಾರಿಯೆಂದು ಮೊದಲು ಭಾವಿಸಲಾಯಿತು. ಆದರೆ ನೆರೆಹೊರೆಯ ಮಕ್ಕಳಿಗೆ ಆ ರೋಗವು ಹರಡಲಿಲ್ಲ. ಚಿಕಿತ್ಸೆಗೆ ಬಂದ ಥಾಮಸ್ ಆರ್ಟನ್ ಎಂಬ ವೈದ್ಯನು ಮನೆಯ ನೀರು, ಚರಂಡಿ, ಗಾಳಿ ಇವುಗಳನ್ನೆಲ್ಲ ಪರೀಕ್ಷಿಸಿ ದೋಷವನ್ನು ಕಾಣದೆ, ಕೊನೆಗೆ ಮಕ್ಕಳು ಮಲಗುತ್ತಿದ್ದ ಕೋಣೆಯ ಹಸುರು ಕಾಗದದ ಮೇಲೆ ಸಂಶಯಪಟ್ಟನು. ಆ ಕಾಲದ ಪ್ರಸಿದ್ಧ ವಿಶ್ಲೇಷಕನಾಗಿದ್ದ ಹೆನ್ರಿ ಲೆಥ್‌ಬಿಯ ಪರೀಕ್ಷೆಯಲ್ಲಿ ಅದು ಪಾಷಾಣಮಯವೆಂದು ತಿಳಿದುಬಂದಿತು. ಆ ತಂದೆತಾಯಿಗಳು ಮಕ್ಕಳ ಕೋಣೆಗೆ ಅಷ್ಟಾದರೂ ಚೆಲುವಿರಲೆಂದು ಅಂಟಿಸಿದ ಕಾಗದವದು. ಗೋಡೆಯ ಪಕ್ಕದಲ್ಲಿ ಮಲಗಿದ ಕೂಸು ಅದನ್ನು ಉಗುರಿನಿಂದ ಕೆರೆಯುತ್ತದೆ, ಹರಿದ ತುಂಡನ್ನು ಬಾಯಿಗಿಡುತ್ತದೆ, ಉದುರಿದ ಹುಡಿಯ ಮೇಲೆ ಅಂಬೆಗಾಲಿಡುತ್ತದೆ. ದೊಡ್ಡವರು ಕಣ್ಣಿನಿಂದ ನೋಡುವ ಗೋಡೆಯನ್ನು ಕೂಸು ಕೈಯಿಂದಲೂ ನಾಲಗೆಯಿಂದಲೂ ನೋಡುತ್ತದೆ ಎಂಬ ಸಾಮಾನ್ಯ ಸಂಗತಿಯನ್ನು ಕಾಗದದ ವರ್ತಕರು ಆಲೋಚಿಸಿರಲಿಲ್ಲ.

ಮುಟ್ಟದೆಯೇ ರೋಗ ಬಂದ ನಿದರ್ಶನಗಳೂ ಇದ್ದವು. ಇವೇ ವೈದ್ಯರಿಗೆ ಒಗಟಾದವು. ಇಟಲಿಯ ಬಾರ್ತೊಲೊಮೆಯೊ ಗೋಸಿಯೊ ಎಂಬ ವೈದ್ಯನು 1890ರ ದಶಕದ ಆರಂಭದಲ್ಲಿ, ತೇವವಾದ ಗೋಡೆಯ ಅಂಟಿನ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಪಾಷಾಣದಿಂದ ಬೆಳ್ಳುಳ್ಳಿಯ ವಾಸನೆಯುಳ್ಳ ಅನಿಲವನ್ನು ಹೊರಡಿಸುವುದೆಂದು ತೋರಿಸಿದನು. ಲೀಡ್ಸ್ ನಗರದ ಫ್ರೆಡರಿಕ್ ಚಾಲೆಂಜರನು 1932ರಲ್ಲಿ ಆ ಅನಿಲದ ರಾಸಾಯನಿಕ ಸ್ವರೂಪವನ್ನು ನಿರ್ಧರಿಸಿದನು. ಬಹುಕಾಲ ಇದೇ ಮಕ್ಕಳನ್ನು ಕೊಂದ ಅನಿಲವೆಂದು ಗ್ರಂಥಗಳು ಹೇಳುತ್ತ ಬಂದವು. 2005ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಾದರೋ ಆ ಅನಿಲವು ಎಣಿಸಿದಷ್ಟು ಘೋರವಲ್ಲವೆಂದು ವಾದಿಸಿದೆ. ಹುಡಿಯೂ ತುಂಡುಗಳೂ ವಿಷವೆಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಇಷ್ಟಾದರೂ ಬ್ರಿಟನ್ನಿನಲ್ಲಿ ಪಾಷಾಣದ ಗೋಡೆಕಾಗದವನ್ನು ನಿಷೇಧಿಸುವ ಕಾಯಿದೆಯೇ ಬರಲಿಲ್ಲ. ಇದಕ್ಕೆ ವರ್ತಕರ ಲೋಭವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಸೌಂದರ್ಯದ ಆಚಾರ್ಯನೆಂದೂ ಬಡವರ ಬಂಧುವೆಂದೂ ಕೀರ್ತಿವಂತನಾದ ವಿಲಿಯಂ ಮಾರಿಸನೂ ಈ ಭಯವನ್ನು ನಂಬಲಿಲ್ಲ. ಆತನ ತಂದೆಯ ಐಶ್ವರ್ಯದ ಬಹುಭಾಗವು ಡೆವನ್ ಪ್ರಾಂತದ ತಾಮ್ರದ ಗಣಿಯೊಂದರಿಂದ ಬಂದುದು. ಆ ಗಣಿಯು ಮುಂದೆ ಪಾಷಾಣದ ಉತ್ಪತ್ತಿಗೂ ಹೆಸರಾಯಿತು. 1870ರ ದಶಕದಲ್ಲಿ ಕೆಲವು ವರ್ಷ ಮಾರಿಸನೇ ಅದರ ನಿರ್ದೇಶಕರಲ್ಲೊಬ್ಬನಾಗಿದ್ದನು. ಹಿಂದೆ ಜನರಿಗೆ ಮಾಟಗಾತಿಯರ ಭ್ರಾಂತಿ ಹಿಡಿದಿದ್ದಂತೆ ಈಗ ವೈದ್ಯರಿಗೆ ಈ ಹುಚ್ಚು ಹಿಡಿದಿದೆಯೆಂಬ ಭಾವದಲ್ಲಿ ಆತನು 1885ರಲ್ಲಿ ಮಿತ್ರನಿಗೆ ಪತ್ರ ಬರೆದನು. 1862ರಲ್ಲಿ ಆತನು ರಚಿಸಿದ ‘ಟ್ರೆಲ್ಲಿಸ್’ ಎಂಬ ಗುಲಾಬಿ ಚಪ್ಪರದ ಮಾದರಿಯ ಹಳೆಯ ತುಣುಕೊಂದನ್ನು ಅಬರ್ಡೀನ್ ವಿಶ್ವವಿದ್ಯಾನಿಲಯದ ಆಂಡ್ರೂ ಮೆಹಾರ್ಗರು ಪರೀಕ್ಷಿಸಿ, ಅದರ ಹಸುರಿನಲ್ಲಿ ಪಾಷಾಣವಿರುವುದನ್ನು 2003ರಲ್ಲಿ ಪ್ರಕಟಿಸಿದರು. ಮಾರಿಸನು ದುಷ್ಟನಾಗಿರಲಿಲ್ಲ; ತಾನು ಮಾಡಿದ ಸುಂದರ ವಸ್ತುವು ಕೇಡನ್ನು ಮಾಡೀತೆಂದು ನಂಬುವುದು ಕಲಾವಿದನಿಗೆ ಕಷ್ಟ, ಆದಾಯವಿದ್ದಾಗ ಇನ್ನಷ್ಟು ಕಷ್ಟ.

ಕಾಯಿದೆಯು ಮಾಡದಿದ್ದುದನ್ನು ಗಿರಾಕಿಗಳ ಭಯವು ಕ್ರಮೇಣ ಮಾಡಿಸಿತು. ಮಾರಿಸನ ಕಾಗದಗಳನ್ನು ಅಚ್ಚು ಹಾಕುತ್ತಿದ್ದ ಜೆಫ್ರಿ ಕಂಪನಿಯೇ ಪಾಷಾಣವಿಲ್ಲದ ಕಾಗದಗಳನ್ನು ಹೊರತರತೊಡಗಿತು. ಈ ಕಂಪನಿಗಾಗಿ ವಾಲ್ಟರ್ ಕ್ರೇನ್ ಎಂಬ ಚಿತ್ರಗಾರನು 1875ರಲ್ಲಿ ‘ಕ್ವೀನ್ ಆಫ್ ಹಾರ್ಟ್ಸ್’ ಎಂಬ ಶಿಶುಪ್ರಾಸವನ್ನು ಅನುಸರಿಸಿ, ಇಸ್ಪೀಟಿನ ರಾಜ ರಾಣಿಯರನ್ನು ಗೋಡೆಯ ತುಂಬ ಮೆರೆಯಿಸಿದನು. 1879ರಲ್ಲಿ ಮುಳ್ಳುಗುಲಾಬಿಯ ಬಳ್ಳಿಗಳ ನಡುವೆ ನಿದ್ರಿಸುವ ರಾಜಕುಮಾರಿಯ ಕಥೆ, 1886ರಲ್ಲಿ ಜ್ಯಾಕನು ಕಟ್ಟಿದ ಮನೆಯ ಪದ್ಯ, ಇವೂ ಆತನ ಕೈಯಿಂದ ಗೋಡೆಗೇರಿದವು. ನಿದ್ರೆಹೋಗದ ಮಗುವಿಗೆ ನೂರು ವರ್ಷ ನಿದ್ರೆಹೋದವಳ ಚಿತ್ರವು ತಕ್ಕ ಔಷಧವೇ ಸರಿ. ಕೇಟ್ ಗ್ರೀನವೇ ಎಂಬ ಚಿತ್ರಕರ್ತ್ರಿಯ ಹನ್ನೆರಡು ಮಾಸಗಳ ಚಿತ್ರಗಳನ್ನು ಬಳಸಿ 1893ರಲ್ಲಿ ಮತ್ತೊಂದು ಕಾಗದವು ಬಂದಿತು. ಅವಳ ಪುಟ್ಟ ಬಾಲಿಕೆಯರ ನೀಳವಾದ ಅಂಗಿಗಳನ್ನು ನೋಡಿ ತಾಯಂದಿರು ತಮ್ಮ ಮಕ್ಕಳಿಗೂ ಅಂಥವನ್ನೇ ಹೊಲಿಸಿದರು. ಮಗುವಿನ ಕೋಣೆಯು ಹಳೆಯ ಸಾಮಾನಿನ ಉಗ್ರಾಣವಾಗಿರಬಾರದು, ಅದಕ್ಕೆ ಅದರದೇ ಆದ ಚೆಲುವು ಬೇಕು ಎಂಬ ಭಾವನೆಯನ್ನು ಜನರಲ್ಲಿ ನೆಲೆಗೊಳಿಸಿದವರಲ್ಲಿ ಈ ಇಬ್ಬರು ಮುಖ್ಯರು. ಆರೋಗ್ಯಕ್ಕೂ ಸೊಗಸಿಗೂ ವೈರವಿಲ್ಲವೆಂಬುದಕ್ಕೆ ಕ್ರೇನನ ಕಾಗದಗಳು ಸಾಕ್ಷಿಯಾಗಿವೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಸುರಿಗೆ ಹೆದರಿದ ತಾಯಂದಿರು ಬಿಳಿಯನ್ನು ಆಶ್ರಯಿಸಿದರು. ಶಿಶುಗೃಹದ ಗೋಡೆಯೂ ಪೀಠೋಪಕರಣವೂ ತೊಳೆಯಲು ಬರುವಂತಿರಬೇಕೆಂದು ಆರೋಗ್ಯಶಾಸ್ತ್ರಜ್ಞರು ಬೋಧಿಸಿದರು. ತೊಳೆಯಲು ಬರುವುದು ಎಣ್ಣೆಯ ಬಣ್ಣ. ಎಣ್ಣೆಯ ಬಣ್ಣಗಳಲ್ಲಿ ಗಟ್ಟಿಯಾದುದೆಂದು ಹೆಸರಾಂತುದು ಸೀಸದಿಂದ ಮಾಡಿದ ಸಫೇತ. ಸತುವಿನ ಬಿಳಿಯನ್ನು ಪ್ಯಾರಿಸ್ ನಗರದ ಬಣ್ಣಗಾರ ಲೆಕ್ಲೇರನು 1840ರ ದಶಕದಲ್ಲಿಯೇ ಬಳಕೆಗೆ ತಂದಿದ್ದನು. ತನ್ನ ಕೆಲಸಗಾರರು ಸೀಸದಿಂದ ನರಳುವುದನ್ನು ಕಂಡು ಆತನು ಮಾಡಿದ ಈ ಉಪಾಯವು ಸಫೇತದ ಪ್ರತಿಷ್ಠೆಯನ್ನು ಕುಗ್ಗಿಸಲಾರದೆ ಹೋಯಿತು. ಶುಭ್ರತೆಯ ಹೆಸರಿನಲ್ಲಿ ತೊಟ್ಟಿಲಮಂಚದ ಕಂಬಿಗಳಿಗೆ ಸೀಸವನ್ನು ಬಳಿಯುವುದು ಮನೆಮನೆಯ ಆಚಾರವಾಯಿತು.

ಇದರ ಫಲವು ಮೊದಲು ಬಯಲಾದುದು ಆಸ್ಟ್ರೇಲಿಯದಲ್ಲಿ. ಕ್ವೀನ್ಸ್‌ಲೆಂಡಿನ ಬ್ರಿಸ್ಬೇನ್ ನಗರದ ಮಕ್ಕಳ ಆಸ್ಪತ್ರೆಗೆ, ಹೊಟ್ಟೆನೋವು, ಜೋತುಬಿದ್ದ ಕೈಕಾಲು, ಮಂದವಾದ ದೃಷ್ಟಿ ಇವುಗಳಿಂದ ಪೀಡಿತರಾದ ಮಕ್ಕಳು 1890ರ ದಶಕದಲ್ಲಿ ಬರತೊಡಗಿದರು. ಸೀಸದ ವಿಷವೆಂದು ಜೆಫೆರಿಸ್ ಟರ್ನರ್ ಎಂಬ ವೈದ್ಯನು ಗುರುತಿಸಿದನು. ಎಲ್ಲಿಂದ ಎಂಬುದು ತಿಳಿಯಲಿಲ್ಲ. ಅದನ್ನು ಕಂಡುಹಿಡಿದವನು ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯ. ಅಲ್ಲಿನ ಮರದ ಮನೆಗಳಿಗೆ ವಿಶಾಲವಾದ ಜಗಲಿಗಳುಂಟು. ಮಕ್ಕಳ ಆಟವೆಲ್ಲ ಅಲ್ಲಿಯೇ. ಉರಿಬಿಸಿಲಿಗೆ ಜಗಲಿಯ ಕಟಕಟೆಯ ಬಣ್ಣವು ಹುಡಿಯಾಗಿ, ಮಕ್ಕಳ ಬೆವರಿದ ಕೈಗೆ ಮೆತ್ತಿಕೊಂಡು, ಉಗುರು ಕಚ್ಚುವಾಗ, ಬೆರಳು ಚೀಪುವಾಗ ಒಳಗೆ ಹೋಗುವುದೆಂದು 1904ರಲ್ಲಿ ಈತನು ಸಾರಿದನು. ಸಹೋದ್ಯೋಗಿಗಳಲ್ಲಿ ಕೆಲವರೇ ನಂಬಲಿಲ್ಲ. ಹದಿನೆಂಟು ವರ್ಷಗಳ ವಾದವಿವಾದದ ತರುವಾಯ, 1922ರಲ್ಲಿ, ಮಕ್ಕಳ ಕೈಗೆಟಕುವ ಕಡೆ ಸೀಸದ ಬಣ್ಣ ಕೂಡದೆಂದು ಕ್ವೀನ್ಸ್‌ಲೆಂಡಿನಲ್ಲಿ ಕಾಯಿದೆಯಾಯಿತು.

ಅಮೆರಿಕದಲ್ಲಿ ಇದಕ್ಕೂ ಬಹಳ ತಡವಾಯಿತು. ತೊಟ್ಟಿಲಮಂಚದ ಬಿಳಿಯ ಬಣ್ಣವನ್ನು ಕಡಿದು ತಿಂದು ಮಡಿದ ಬಾಲಕನೊಬ್ಬನ ವೃತ್ತಾಂತವನ್ನು ಬಾಲ್ಟಿಮೋರಿನ ವೈದ್ಯರಾದ ಥಾಮಸ್, ಬ್ಲ್ಯಾಕ್‌ಫ್ಯಾನ್ ಇಬ್ಬರೂ 1914ರಲ್ಲಿಯೇ ಪ್ರಕಟಿಸಿದ್ದರು. ಹೀಗಿದ್ದರೂ ಅಲ್ಲಿನ ಸೀಸದ ಬಣ್ಣದ ಕಂಪನಿಯೊಂದು ಕುಂಚ ಹಿಡಿದ ಮುದ್ದು ಹುಡುಗನ ಚಿತ್ರವನ್ನೇ ಮುದ್ರೆಯಾಗಿಟ್ಟುಕೊಂಡು, 1920ರ ದಶಕದಲ್ಲಿ ಮಕ್ಕಳಿಗಾಗಿಯೇ ಬಣ್ಣದ ಪುಸ್ತಿಕೆಗಳನ್ನು ಹಂಚಿತು. ಮನೆಗಳ ಒಳಗೆ ಸೀಸದ ಬಣ್ಣವನ್ನು ಬಾಲ್ಟಿಮೋರ್ ನಗರವು 1951ರಲ್ಲಿ ತಡೆಯಿತು. ಇಡೀ ದೇಶಕ್ಕೆ ಅಂಥ ನಿಷೇಧವು ಬಂದುದು 1978ರಲ್ಲಿ. ಇದರ ಮಧ್ಯದಲ್ಲಿ ಎಷ್ಟು ಶಿಶುಗೃಹಗಳು ಬಿಳಿಯಾದವೋ!

ನಮ್ಮ ತೊಟ್ಟಿಲುಗಳ ವಿಷಯವನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಸುಪ್ರಸಿದ್ಧ. ಅರಗಿನ ಬಣ್ಣದಲ್ಲಿ ಮಿರುಗುವ ಅದರ ಹಲಗೆಗಳ ಮೇಲೆ ರಾಮಾಯಣ ಭಾರತಗಳ ಕಥೆ, ಕೃಷ್ಣನ ಬಾಲಲೀಲೆಗಳು ಚಿತ್ರಿತವಾಗಿರುತ್ತವೆ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಯ ಮರವನ್ನು ಚರಕಿಯ ಮೇಲೆ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದ ಕರಗಿಸಿ, ಕೇದಗೆಯ ಗರಿಯಿಂದ ಹೊಳಪು ಕೊಡುತ್ತಾರೆ. ಅರಗು ಕೀಟವೊಂದರ ಅಂಟು. ಕೂಸು ಚೀಪಿದರೂ ಅದರಿಂದ ಭಯವಿಲ್ಲ. ಹೀಗೆಂದು ನಮ್ಮ ಪೂರ್ವಿಕರು ವಿಷವನ್ನೇ ಅರಿಯರೆಂದು ಹೆಮ್ಮೆಪಡುವುದು ಸಲ್ಲದು. ಅರಿದಾಳವೆಂದು ಹೆಸರಾದ ಹಳದಿಯು ಪಾಷಾಣದ ಗಂಧಕಿತವೇ. ಕೆಂಪಾದ ಸಿಂಧೂರವು ಸೀಸದ ಭಸ್ಮ. ಭಾರತದ ಅರಗಿನ ಕೆಲಸದಲ್ಲಿಯೂ ಚಿತ್ರಕಲೆಯಲ್ಲಿಯೂ ಇವೆರಡೂ ಬಳಕೆಯಲ್ಲಿದ್ದವು. ಅರಗು ನಿರ್ದೋಷಿಯಾದರೂ ಅದರೊಳಗೆ ಬೆರೆಸಿದುದೇನೆಂದು ಕೇಳಬೇಕಾಗುತ್ತದೆ. ಅರಿಸಿನ, ನೀಲಿ ಮುಂತಾದ ಸಸ್ಯಜನ್ಯ ಬಣ್ಣಗಳಿಗೆ ಚನ್ನಪಟ್ಟಣದ ಅನೇಕ ಕರ್ಮಿಗಳು ಈಚೆಗೆ ಮತ್ತೆ ಒಲಿದಿರುವುದು ಸಂತೋಷದ ವಿಷಯ.

ಸೀಸದ ವಿಚಾರದಲ್ಲಿ ಈ ದೇಶದವರ ಕಣ್ಣು ತೆರೆಯಿಸಲು ಬಹುವಾಗಿ ಶ್ರಮಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶರು ಒಬ್ಬರು. ನಗರಗಳ ಮಕ್ಕಳ ರಕ್ತದಲ್ಲಿ ಸೀಸವು ಮಿತಿಮೀರಿರುವುದು 1990ರ ದಶಕದ ಕೊನೆಯ ಪರೀಕ್ಷೆಗಳಿಂದ ತಿಳಿದುಬಂದಿತು. ಆಗಿನ ದೊಡ್ಡ ಕಾರಣವಾಗಿದ್ದ ಸೀಸಬೆರೆತ ಪೆಟ್ರೋಲು 2000ದಲ್ಲಿ ನಿಂತುಹೋಯಿತು. ಮನೆಯ ಬಣ್ಣಗಳಿಗೆ ನಿಯಮವು ಬಂದುದು 2016ರಲ್ಲಿ: ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವು ಬಣ್ಣದಲ್ಲಿರಕೂಡದೆಂದು ವಿಧಿಸಿದ ಆ ನಿಯಮವು 2017ರ ನವೆಂಬರ್ ತಿಂಗಳಿನಿಂದ ಜಾರಿಗೆ ಬಂದಿತು.

ಆದರೆ ನಿಯಮವು ಹೊಸ ಡಬ್ಬಿಗೆ ಅನ್ವಯಿಸುವುದಲ್ಲದೆ ಹಳೆಯ ಗೋಡೆಗಲ್ಲ. ಅದಕ್ಕೆ ಹಿಂದಿನ ಬಾಗಿಲು, ಕಿಟಕಿ, ತೊಟ್ಟಿಲುಗಳ ಮೇಲೆ ಹಳೆಯ ಪದರವು ಹೊಸದರ ಕೆಳಗೆ ಹಾಗೆಯೇ ಕುಳಿತಿದೆ. ಬರುವ ಮಗುವಿಗೆಂದು ಅದನ್ನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿದಾಗ ಏಳುವ ಧೂಳು, ಗೋಡೆಯ ಮೇಲಿದ್ದ ಬಣ್ಣಕ್ಕಿಂತಲೂ ಅಪಾಯಕರವಾದುದು. ಅದು ತಾಯಿಯ ಉಸಿರಿಗೂ ಗರ್ಭದ ಶಿಶುವಿಗೂ ತಲಪುತ್ತದೆ. ನೀರಿನಿಂದ ನೆನೆಸಿ ಉಜ್ಜಬೇಕು, ಬಿದ್ದುದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಚೊಚ್ಚಲಿಗೆ ಮಗಳು ತವರಿಗೆ ಹೋಗುವ ಪದ್ಧತಿಯಿರುವ ನಮ್ಮಲ್ಲಿ, ಬಣ್ಣಗಾರರನ್ನು ಕರೆಸಲು ಆ ತಿಂಗಳುಗಳೇ ತಕ್ಕ ಕಾಲ. ಬಾಣಂತಿಯೂ ಕೂಸೂ ಮರಳಿ ಹೊಸ್ತಿಲು ದಾಟುವುದಕ್ಕೆ ಎರಡು ವಾರ ಮುಂಚೆಯಾದರೂ ಕೆಲಸವು ಮುಗಿದು, ನೆಲವನ್ನು ಎರಡು ಮೂರು ಬಾರಿ ಒರಸಿರತಕ್ಕದ್ದು.